ಮಧ್ಯದ ತೂತಿನ ಮಹನೀಯರು

ಮಹದೇವಪುರದ ಯಾವುದಾದರೂ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಭಾನುವಾರ ಬೆಳಿಗ್ಗೆ ಇಳಿದು ನೋಡಿ. ಒಂದು ಕಾರಿನಡಿಯಿಂದ ಎರಡು ಕಾಲು ಚಾಚಿಕೊಂಡಿರುತ್ತವೆ. ಗಾಬರಿಯಾಗಿ ಆಂಬುಲೆನ್ಸಿಗೆ ಫೋನ್ ಮಾಡಬೇಡಿ. ಆ ಕಾಲುಗಳು ಸಾಫ್ಟ್‌ವೇರ್ ಎಂಜಿನಿಯರೊಬ್ಬರವು. ವಾರದಲ್ಲಿ ಐದು ದಿನ ಅವರು ಔಟರ್ ರಿಂಗ್ ರೋಡಿನಲ್ಲಿ ಕೂತು ಇನ್ನೊಬ್ಬರ ಕೋಡಿನ ತಪ್ಪು ಹುಡುಕುತ್ತಾರೆ. ಉಳಿದ ಎರಡು ದಿನ, ಕಾರು ಮಾಡಿದವರನ್ನು ತಿದ್ದುತ್ತಾರೆ.

ನಮ್ಮ ಬ್ಲಾಕಿನವರನ್ನು ಲಾರಾ ಸಾಹೇಬರು ಎನ್ನುತ್ತೇವೆ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಸ್ಕೋಡಾ ಲಾರಾ ಅವರದು. ಈ ಊರಿನಲ್ಲಿ ಕಾರಿಟ್ಟವರನ್ನು ಕಂಡರೆ ‘ಮೈಲೇಜ್ ಎಷ್ಟು ಕೊಡುತ್ತೆ?’ ಎನ್ನುವುದು ಊಟ ಆಯ್ತಾ ಎಂಬಷ್ಟೇ ಸಹಜ. ಹಾಗೆ ಕೇಳಿದವರನ್ನು ಸಾಹೇಬರು ಮತ್ತೆ ಮಾತಾಡಿಸುವುದಿಲ್ಲ. ‘ತಿರುವಿನಲ್ಲಿ ಹೇಗೆ ಹೋಗುತ್ತೆ?’ ಎಂದು ಕೇಳಿದಿರೋ, ನಿಮ್ಮ ಸಂಜೆ ಮುಗಿಯಿತು.

ಹಾಗೆ ಕೇಳಿದವರಲ್ಲಿ ನಾನೂ ಒಬ್ಬ. ಹೂಡಿಯ ಒಂದು ದರ್ಶಿನಿಯಲ್ಲಿ ಕಾಫಿ ಹಿಡಿದು ನಿಂತಿದ್ದವನ ಲೋಟ ಕೆಳಗಿಡಿಸಿ, ಎರಡೂ ಮಣಿಕಟ್ಟು ಹಿಡಿದುಕೊಂಡರು.

‘ಸಾರ್, ಇದು ಎಡಚಕ್ರ, ಇದು ಬಲಚಕ್ರ.’ ಎರಡನ್ನೂ ಒಟ್ಟಿಗೆ ಮೇಲೆತ್ತಿದರು. ‘ಹಂಪ್ ಬಂತು. ಎರಡೂ ಸಮ ಎದ್ದವು. ಸ್ವೇ ಬಾರ್‌ಗೆ ಇಲ್ಲಿ ಕೆಲಸವೇ ಇಲ್ಲ.’ ಆಮೇಲೆ ಎಡಗೈ ಎತ್ತಿ ಬಲಗೈ ಅದುಮಿದರು. ‘ಈಗ ಬಲಕ್ಕೆ ತಿರುವು. ಹೊರಗಿನ ಚಕ್ರ ಬಾಡಿಯೊಳಕ್ಕೆ ಒತ್ತುತ್ತೆ, ಒಳಗಿನದು ಜೋತುಬೀಳುತ್ತೆ. ಆಗ ಎರಡರ ನಡುವಿನ ಬಾರ್ ತಿರುಚಿಕೊಂಡು, ನೀನೂ ಬಾರಪ್ಪಾ ಮೇಲಕ್ಕೆ ಅಂತ ಒಳಗಿನದನ್ನು ಎಳೆಯುತ್ತೆ. ಕಾರು ವಾಲೋದು ಕಡಿಮೆಯಾಗುತ್ತೆ.’

ಪಕ್ಕದಲ್ಲಿ ಇಡ್ಲಿ ತಿನ್ನುತ್ತಿದ್ದವರು ತಟ್ಟೆ ಎತ್ತಿಕೊಂಡು ಆಚೆ ಟೇಬಲ್ಲಿಗೆ ಹೋದರು. ನನ್ನ ಕಾಫಿ ಆರಿತು. ವಿಷಯ ಮಾತ್ರ ತಲೆಗೆ ಹೋಯಿತೆನ್ನಬೇಕು. ಇದಕ್ಕೆ 1919ರಲ್ಲಿ ಕೆನಡಾದ ಸ್ಟೀಫನ್ ಕೋಲ್ಮನ್ ಪೇಟೆಂಟ್ ಪಡೆದದ್ದನ್ನು ಸಾಹೇಬರು ಗೃಹಪ್ರವೇಶದ ಊಟದ ಪಂಕ್ತಿಯಲ್ಲೂ ಹೇಳಬಲ್ಲರು. ಹೇಳಿದ್ದಾರೆ ಕೂಡ.

ಎಲ್ಲ ಕಾರು ಪ್ರೇಮಿಗಳನ್ನೂ ಒಂದೇ ಸಾಲಿನಲ್ಲಿ ಕೂರಿಸಬಾರದು. ನಡುರಾತ್ರಿ ಸೈಲೆನ್ಸರ್ ಗುಡುಗಿಸಿ ಮಗುವನ್ನೆಬ್ಬಿಸುವ ಜಾತಿ ಬೇರೆ. ನಮ್ಮವರು ಸದ್ದಿನವರಲ್ಲ, ಲೆಕ್ಕದವರು. 20 ಮಿಲಿಮೀಟರಿನ ಬಾರ್ ತೆಗೆದು 22ರದ್ದು ಹಾಕಿದರೆ ನಮಗೆ ಅದು ಬರೀ 2 ಮಿಲಿಮೀಟರು. ಆದರೆ ಬಾರಿನ ಬಿಗಿ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. ಅಂದರೆ ಬಿಗಿ ನೂರಕ್ಕೆ 46ರಷ್ಟು ಹೆಚ್ಚಿತು. ಬಾರನ್ನು ಹಿಡಿಯುವ ಬ್ರಾಕೆಟ್ ಮಾಡಿಸಲು ಅವರು ಪೀಣ್ಯದ ಲೇತ್ ಅಂಗಡಿಯವರೆಗೂ ಹೋದವರು. ಲೇತಿನವರು ವರ್ನಿಯರ್ ಹಿಡಿದು ಅಳೆದು, ‘ಸಾರ್, ಇದು ಯಾವ ಮೆಷಿನ್ನಿಂದು?’ ಎಂದರಂತೆ. ಕಾರಿನದು ಎಂದಾಗ ‘ಕಾರಿಗೆ ಏನಾಗಿದೆ?’ ಎಂದರಂತೆ. ಏನೂ ಆಗಿರಲಿಲ್ಲ. ಅದೇ ಇವರ ತೊಂದರೆ.

ಹೊಂದಿಸಬಹುದಾದ ಬಾರಿನ ತುದಿಯಲ್ಲಿ ಸಾಲಾಗಿ ಮೂರು ತೂತು. ಲಿಂಕ್ ರಾಡನ್ನು ಹೊರಗಿನ ತೂತಿಗೆ ಸಿಕ್ಕಿಸಿದರೆ ಹಿಡಿ ಉದ್ದವಾಗಿ ಬಾರ್ ಮೆತ್ತಗಾಗುತ್ತದೆ, ಒಳಗಿನದಕ್ಕೆ ಸಿಕ್ಕಿಸಿದರೆ ಗಿಡ್ಡವಾಗಿ ಬಿಗಿಯಾಗುತ್ತದೆ. ಶನಿ ಮನೆ ಬದಲಿಸಿದಾಗ ಜೋಯಿಸರು ತಿಳಿಸುವ ಗಾಂಭೀರ್ಯದಲ್ಲಿ ಸಾಹೇಬರು ಲಿಫ್ಟಿನಲ್ಲಿ ತಿಳಿಸುತ್ತಾರೆ: ‘ಮಧ್ಯದ ತೂತಿನಿಂದ ಒಳಗಿನದಕ್ಕೆ ಬಂದಿದ್ದೀನಿ ಸಾರ್.’ ಒಳ್ಳೆಯದಾಗಲಿ ಎನ್ನುತ್ತೇನೆ. ಇನ್ನೇನು ಹೇಳಲಿ?

ಕಷ್ಟ ಇರುವುದು ಲಿಂಕ್ ಬಿಗಿಯುವಾಗ. ಕಾರು ಸಮನೆಲದಲ್ಲಿ ನಾಲ್ಕೂ ಚಕ್ರ ಊರಿ ನಿಂತಿರಬೇಕು, ಓಡಿಸುವವರ ತೂಕ ಸೀಟಿನಲ್ಲಿರಬೇಕು. ಇಲ್ಲದಿದ್ದರೆ ಬಾರ್ ನಿಂತಲ್ಲೇ ತಿರುಚಿಕೊಂಡು, ಎಡಕ್ಕೊಂದು ಬಲಕ್ಕೊಂದು ಬುದ್ಧಿ ತೋರಿಸುತ್ತದೆ. ಓಡಿಸುವವರೋ ಕಾರಿನಡಿ ಮಲಗಿದ್ದಾರೆ. ಹೀಗಾಗಿ ಒಂದು ಭಾನುವಾರ ಬೇಸ್‌ಮೆಂಟಿಗೆ ತೂಕದ ಯಂತ್ರ ಬಂತು. ಬಂದವರನ್ನೆಲ್ಲ ಹತ್ತಿಸಿ ಇಳಿಸಿದರು. ನನ್ನನ್ನು ನೋಡಿ, ‘ನೀವು ಜಾಸ್ತಿ ಆಗ್ತೀರಿ ಸಾರ್’ ಎಂದು ಪಕ್ಕಕ್ಕೆ ಸರಿಸಿದರು. ಕಡೆಗೆ ಕಿಲೋ ತಪ್ಪದೆ ಹೊಂದಿದವನು ಗೇಟಿನ ಸೆಕ್ಯುರಿಟಿ. ರಾತ್ರಿಯಿಡೀ ಎದ್ದಿದ್ದವನಿಗೆ ಮೆತ್ತನೆ ಸೀಟು ಸಿಕ್ಕಿತು, ಕೂತವನೇ ನಿದ್ದೆಹೋದ. ಮೇಲೆ ಗೇಟಿನಲ್ಲಿ ಡೆಲಿವರಿ ಹುಡುಗರು ಹಾರ್ನ್ ಹೊಡೆಯುತ್ತಿದ್ದರು. ಕಾರ್ಯದರ್ಶಿಗಳು ಓಡಿಬಂದು ಎಬ್ಬಿಸಹೋದರೆ ಕಾರಿನಡಿಯಿಂದ ಸ್ಪ್ಯಾನರ್ ಹಿಡಿದ ಕೈಯೊಂದು ಹೊರಬಂದು ತಡೆಯಿತು: ‘ಬೇಡಿ ಸಾರ್. ಮಲಗಿದವನ ತೂಕ ಅಲುಗಾಡಲ್ಲ.’

ಹಿಂದಿನ ಬಾರನ್ನೇ ಏಕೆ ಬಿಗಿ ಮಾಡುತ್ತೀರಿ ಎಂದರೆ ಉತ್ತರ ಚೊಕ್ಕವಾಗಿದೆ. ಮುಂದಿನ ಚಕ್ರ ಎಳೆಯುವ ಕಾರು ವೇಗದಲ್ಲಿ ತಿರುಗಿಸಿದಾಗ ಮೂತಿ ಹೊರಕ್ಕೆ ಜಾರಿಸುತ್ತದೆ. ತಿರುವಿನಲ್ಲಿ ಹೊರಗಿನ ಟೈರುಗಳಿಗೆ ಬೀಳುವ ಒಟ್ಟು ಹೊರೆಯನ್ನು ಯಾವ ಬಾರೂ ಇಳಿಸಲಾರದು. ಮುಂದಿನ ಹೊರಟೈರಿಗೆ ಎಷ್ಟು, ಹಿಂದಿನದಕ್ಕೆ ಎಷ್ಟು ಎಂಬ ಪಾಲು ಬದಲಿಸುತ್ತದೆ, ಅಷ್ಟೇ. ಹಿಂದಿನದು ಬಿಗಿಯಾದರೆ ಮುಂದಿನ ಟೈರಿಗೆ ಉಸಿರು ಬರುತ್ತದೆ. ಅತಿಯಾದರೆ ಮಳೆಯಲ್ಲಿ ಹಿಂಭಾಗವೇ ಜಾರಿ ಮುಂದೆ ಬರುತ್ತದೆ. ಅದಕ್ಕೇ ಜೂನ್ ಬಂದೊಡನೆ ಮನೆಮಂದಿ ಕೊಡೆ ಹುಡುಕುತ್ತಿದ್ದರೆ ಸಾಹೇಬರು ಹೊರಗಿನ ತೂತಿಗೆ ಮರಳುತ್ತಾರೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಟೈರಿನ ಗಾಳಿ ಅಳೆದು, ಎಲ್ಲವೂ ಎಕ್ಸೆಲ್‌ನಲ್ಲಿ. ‘ರೀ, ಮೊಸರು ಚೆಲ್ಲಿತು!’ ಎಂದು ಮನೆಯವರು ಕೂಗಿದ್ದೂ ಅಲ್ಲಿದೆ: ಬಲತಿರುವು, ಮಧ್ಯದ ತೂತು, ಮೊಸರು.

ಇಷ್ಟೆಲ್ಲ ಮಾಡಿ ತಿರುಗಿಸುವುದೆಲ್ಲಿ? ಗರುಡಾಚಾರಪಾಳ್ಯದಿಂದ ಟಿನ್ ಫ್ಯಾಕ್ಟರಿವರೆಗೆ ಸಂಜೆ ಆರಕ್ಕೆ ಕಾರು ವಾಲಬೇಕಾದರೆ ಮೊದಲು ಅದು ಚಲಿಸಬೇಕು. ಇಲ್ಲಿ ಸಿಗುವುದು ತಿರುವಲ್ಲ, ಗುಂಡಿ. ಗುಂಡಿಗೆ ಒಂದೇ ಚಕ್ರ ಬೀಳುತ್ತದೆ, ಬಿಗಿ ಬಾರ್ ಆ ಏಟನ್ನು ಇನ್ನೊಂದಕ್ಕೂ ಹಂಚುತ್ತದೆ. ಸಾಹೇಬರಿಗೆ ಇದು ಗೊತ್ತಿಲ್ಲವೆಂದಲ್ಲ. ವರ್ಷಕ್ಕೊಮ್ಮೆ ಚಾರ್ಮಾಡಿ ಘಾಟಿಗೆ ಹೋಗುತ್ತಾರೆ, ಉಳಿದ ದಿನ ಅದಕ್ಕೆ ತಯಾರಿ.

2022ರ ಸೆಪ್ಟೆಂಬರಿನಲ್ಲಿ ರಿಂಗ್ ರೋಡ್ ಮುಳುಗಿ ಐಟಿ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಆಗ ಎಲ್ಲರೂ ಸೆಲ್ಫಿ ತೆಗೆದುಕೊಂಡರೆ ಇವರು ಮುಂದಿನ ಆಕ್ಸಲಿನತ್ತ ಬಗ್ಗಿ ನೋಡಿದರು. ‘ನಡುವೆ ಒಂದೇ ಪಿನ್ನು, ಆಕ್ಸಲ್ ತಾನೇ ತೊಟ್ಟಿಲಾಡುತ್ತೆ! ಬಾರೇ ಇಲ್ವಲ್ಲ!’ ಟ್ರ್ಯಾಕ್ಟರಿನವರು ತಿರುಗಿಯೂ ನೋಡಲಿಲ್ಲ. ‘ಬಾರ್ ಇದ್ದೋರ ಕಾರೆಲ್ಲ ನೀರಲ್ಲಿ ನಿಂತವೆ ಸಾಮಿ. ಗಟ್ಟಿಯಾಗಿ ಹಿಡ್ಕೊಳ್ಳಿ.’

ಸಾಹೇಬರು ಹೆದರುವುದು ಒಂದೇ ಕಡೆ, ಕೆ.ಆರ್.ಪುರದ ಆರ್‌ಟಿಒ ಕಚೇರಿಯ ಮುಂದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅವರಿಗೆ ಬಾಯಿಪಾಠ. ತಯಾರಕರ ಮೂಲ ವಿನ್ಯಾಸ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಗೊತ್ತು. ಅಲ್ಲಿ ಅವರ ಕಾರು ನೇರ, ನಿಧಾನ, ಚೂರೂ ವಾಲದೆ ಹೋಗುತ್ತದೆ. ಆಯುಧಪೂಜೆಯಲ್ಲಿ ನಾವೆಲ್ಲ ಬಾನೆಟ್ಟಿಗೆ ಹೂ ಮುಡಿಸಿದರೆ ಅವರು ಅಡಿಗೆ ತೂರಿ ಬಾರಿಗೆ ಕುಂಕುಮ ಇಡುತ್ತಾರೆ, ಗುಟ್ಟಾಗಿ.

ಮೊನ್ನೆ ಮೆಟ್ರೋದಲ್ಲಿ ಸಿಕ್ಕರು. ಬುಷ್ ಸವೆದು ಕಾರು ಬೇಸ್‌ಮೆಂಟಿನಲ್ಲೇ ಇತ್ತು; ಹೊಸದಕ್ಕೆ ಜೆ.ಸಿ. ರಸ್ತೆಗೆ ಹೊರಟಿದ್ದರು. ಕೆ.ಆರ್.ಪುರ ದಾಟಿ ಬೆನ್ನಿಗಾನಹಳ್ಳಿಯ ತಿರುವು ಬಂತು. ಎಲ್ಲರೂ ಕಂಬ, ಹಿಡಿಕೆ ಹುಡುಕಿದರೆ ಇವರು ಕೈ ಬಿಟ್ಟು, ಕಾಲಗಲಿಸಿ, ಕಣ್ಣು ಮುಚ್ಚಿ ನಿಂತರು. ತಿರುವು ಮುಗಿದ ಮೇಲೆ ನನ್ನ ಕಿವಿಯ ಹತ್ತಿರ ಬಂದರು.

‘ಪರವಾಗಿಲ್ಲ ಸಾರ್. ಹಿಂದಿನ ಬೋಗಿಗೆ ಒಂದು ತೂತು ಒಳಗೆ ಬಂದರೆ ಸಾಕು.’