ಬತ್ತುವ ಕೆರೆಯ ಪರವಾಗಿ

ಕೆರೆ ಕೋಡಿ ಬಿದ್ದರೆ ನಮ್ಮಲ್ಲಿ ಹಬ್ಬ. ತಮಟೆ ಬರುತ್ತದೆ, ಬಾಗಿನದ ಮೊರ ಹಿಡಿದ ಶಾಸಕರು ಬರುತ್ತಾರೆ, ಅವರ ಬೆನ್ನಿಗೆ ಫೋಟೊದವರು ಬರುತ್ತಾರೆ. ಬಾರದೆ ಉಳಿಯುವುದು ಕೊಕ್ಕರೆ ಮಾತ್ರ. ಬೆಳುಗುಪ್ಪ, ರಾಯದುರ್ಗ, ಮಡಕಶಿರಾ ಕಡೆಯ ನಮ್ಮ ಗಡಿಸೀಮೆಯಲ್ಲಿ ಹಕ್ಕಿ ನೋಡಬೇಕೆಂದು ಹೊರಡುವವರ ಮುಂದೆ ನನ್ನದೊಂದು ವಾದವಿದೆ: ತುಂಬಿ ತುಳುಕುವ ಕೆರೆಗಿಂತ ಬತ್ತುತ್ತಿರುವ ಕೆರೆಯೇ ವಾಸಿ. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಅನಂತಪುರದಂಥ ಬರದ ಸೀಮೆಯಲ್ಲಿ ಹೀಗೆ ಬಾಯಿಬಿಟ್ಟರೆ ಏರಿಯ ಮೇಲೆಯೇ ಮಂಗಳಾರತಿಯಾಗಬಹುದು. ಆದರೂ ಹೇಳುತ್ತೇನೆ, ಏಕೆಂದರೆ ಸಾಕ್ಷಿಗಳೆಲ್ಲ ನನ್ನ ಕಡೆಗಿವೆ. ಅದೂ ಉದ್ದ ಕಾಲಿನ ಸಾಕ್ಷಿಗಳು.

ಮೊದಲನೆಯದು ಬಣ್ಣದ ಕೊಕ್ಕರೆ. ಇಷ್ಟು ದೊಡ್ಡ ಹಕ್ಕಿ, ಇಷ್ಟು ಉದ್ದದ ಕೊಕ್ಕು. ಆದರೆ ಅದಕ್ಕೆ ಈಜಿ ಮೀನು ಹಿಡಿಯುವ ವಿದ್ಯೆ ಬಾರದು, ಮುಳುಗುವುದಂತೂ ದೂರದ ಮಾತು. ಕಾಲೂರಲು ನೆಲ ಸಿಗುವಷ್ಟು ತೆಳು ನೀರಿಗಿಳಿದು, ಅರೆ ತೆರೆದ ಕೊಕ್ಕನ್ನು ಮುಳುಗಿಸಿ ಅತ್ತಿಂದಿತ್ತ ಆಡಿಸುತ್ತ, ಕಾಲಿನಿಂದ ಕೆಸರು ಕೆದಕುತ್ತ ನಡೆಯುತ್ತದೆ. ಮೀನು ಕೊಕ್ಕಿಗೆ ತಗುಲಿದರೆ ಟಪ್ಪನೆ ಮುಚ್ಚುತ್ತದೆ. ಕಣ್ಣಿಗೆ ಕೆಲಸವೇ ಇಲ್ಲ. ಇಂಥ ಬೇಟೆಗೆ ನೀರು ತೆಳುವಾದಷ್ಟೂ ಮೀನು ದಟ್ಟವಾಗಿರಬೇಕು, ಅಂದರೆ ಕೆರೆ ಇಳಿಯಬೇಕು. ಹಿಂದೂಪುರದಾಚೆ ಚಿಲಮತ್ತೂರು ಮಂಡಲದ ವೀರಾಪುರಕ್ಕೆ ಈ ಕೊಕ್ಕರೆಗಳು ಪ್ರತಿವರ್ಷ ಬಂದು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಬರುವುದು ಮಳೆಗಾಲದಲ್ಲಲ್ಲ, ಚಳಿ ಕಳೆಯುವ ಹೊತ್ತಿಗೆ. ಮರಿಗಳ ಹಸಿವು ಏರುವುದು ಸುತ್ತಲಿನ ಕೆರೆಗಳು ಇಳಿಯುವ ಬೇಸಿಗೆಯಲ್ಲಿ. (2022ರಲ್ಲಿ ವೀರಾಪುರ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕೊಕ್ಕರೆಗಳಿಗೆ ಗೆಜೆಟ್ ತಲುಪಿದಂತಿಲ್ಲ, ಹಳೆಯ ವಿಳಾಸಕ್ಕೇ ಬರುತ್ತಿವೆ.) ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲೂ ಲೆಕ್ಕ ಹೀಗೆಯೇ. ಅಲ್ಲಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆನ್ನುತ್ತಾರೆ. ಮಗಳು ಯಾವ ತಿಂಗಳಲ್ಲಿ ಬರುತ್ತಾಳೆಂದು ಗಮನಿಸಿದರೆ ಸಾಕು, ನನ್ನ ವಾದ ಅರ್ಧ ಗೆದ್ದಂತೆ.

ಉಳಿದ ಅರ್ಧಕ್ಕೆ ಕೆರೆಯಂಗಳದ ಕೆಸರೇ ಸಾಕ್ಷಿ. ನೀರು ಗೇಣುಗೇಣು ಹಿಂದೆ ಸರಿದಂತೆಲ್ಲ ಹೊಸ ಕೆಸರು ತೆರೆದುಕೊಳ್ಳುತ್ತದೆ. ಹುಳ ಹೆಕ್ಕಲು ಗದ್ದೆಗೊರವಗಳು, ಕೆಂಪು ಕಡ್ಡಿಗಳ ಮೇಲೆ ನಿಂತಂತಿರುವ ಮೆಟ್ಟುಗಾಲು ಹಕ್ಕಿಗಳು, ಹಿಂದಿನ ಸಾಲಿನಲ್ಲಿ ಬೆಳ್ಳಕ್ಕಿಗಳು ಬಂದಿಳಿಯುತ್ತವೆ. ಪೂರ್ತಿ ಒಣಗಿದರೂ ಆಟ ಮುಗಿಯುವುದಿಲ್ಲ. ಬಿರುಕುಬಿಟ್ಟ ಅಂಗಳದಲ್ಲಿ ಟಿಟ್ಟಿಭ ಬರಿನೆಲಕ್ಕೇ ಮೊಟ್ಟೆಯಿಟ್ಟು, ಹತ್ತಿರ ಸುಳಿದವರ ವಂಶವನ್ನೆಲ್ಲ ಬಯ್ಯುತ್ತದೆ.

ಆಳದ ನೀರಿಗೂ ಅದರದೇ ಹಕ್ಕಿಗಳಿಲ್ಲವೇ ಎಂದು ಕೇಳುವವರಿದ್ದಾರೆ. ಖಂಡಿತ ಇವೆ. ನೀರುಕಾಗೆಗೆ ಮುಳುಗಲು ನೀರು ಬೇಕು, ಗುಳುಮುಳುಕನಿಗೆ ಹೆಸರೇ ಆ ಕಸುಬಿನದು, ಹಣೆಗೆ ಬಿಳಿ ನಾಮವಿಟ್ಟ ನಾಮದ ಕೋಳಿಯೂ ಮಡುವನ್ನೇ ಬಯಸುತ್ತದೆ. ಅವಕ್ಕೆ ಕೆರೆಯ ನಡುವಿನ ಗುಂಡಿ ಸಾಲುತ್ತದೆ. ಬತ್ತುವ ಕೆರೆಯಲ್ಲಿ ಅದು ಬಹುದಿನ ಉಳಿದೂ ಇರುತ್ತದೆ. ತಲೆಕೆಳಗು ಮಾಡಿ ನೋಡಿ: ಅಂಚಿನಿಂದ ಅಂಚಿಗೆ ಆಳವಾದ ಕೆರೆಯಲ್ಲಿ ಕೊಕ್ಕರೆ ಎಲ್ಲಿ ಕಾಲಿಡಬೇಕು? ಬೆಂಗಳೂರಿನ ಕೆಲವು ಕೆರೆಗಳನ್ನು ಹೂಳೆತ್ತಿ, ಸುತ್ತ ಕಡಿದಾದ ಏರಿ ಹಾಕಿ, ವಾಕಿಂಗ್ ದಾರಿ ಬಳಿದು ‘ಅಭಿವೃದ್ಧಿ’ ಮಾಡಿದಾಗ ಪರಿಸರ ತಜ್ಞರು ಅದನ್ನು ಸೂಪ್ ಬಟ್ಟಲೆಂದು ಕರೆದದ್ದು ಇದಕ್ಕೇ. ಅಂಥ ಕೆರೆ ಪಾರ್ಕಿನಲ್ಲಿ ಬೆಂಚಿದೆ, ನೆರಳಿದೆ, ಹಕ್ಕಿಗಳ ಚಿತ್ರವಿರುವ ಫಲಕವೂ ಇದೆ. ಫಲಕದಲ್ಲಿರುವ ಹಕ್ಕಿಗಳು ಫಲಕದಲ್ಲೇ ಇರುತ್ತವೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ರೈತರದು: “ಕುಡಿಯೋಕೆ ನೀರಿಲ್ಲದ ಸೀಮೆಯಲ್ಲಿ ಕೆರೆ ಬತ್ತಲಿ ಅಂತೀರಲ್ಲ ಸ್ವಾಮಿ!” ಈ ಮಾತಿಗೆ ಬೆಲೆ ಕೊಡಲೇಬೇಕು. ಹಗರಿ ಹೊಳೆಯನ್ನೇ ನಂಬಿದ ಭೈರವಾನಿತಿಪ್ಪ ಜಲಾಶಯ ಮೇಲಿನಿಂದ ನೀರು ಬಂದರುಂಟು, ಇಲ್ಲದಿದ್ದರಿಲ್ಲ. ಮೇಲಿರುವುದು ಚಿತ್ರದುರ್ಗದ ಮಾರಿಕಣಿವೆ. ಅದು 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಬಾಗಿನದ ಮೊರ ಹಿಡಿದು ನಿಂತಿರಲು ಯಾರಿಂದಾದೀತು? ಹಂದ್ರಿ-ನೀವಾ ಯೋಜನೆಯಲ್ಲಿ ಶ್ರೀಶೈಲದ ಹಿನ್ನೀರನ್ನು ಪಂಪಿನಿಂದ ಎತ್ತಿ ಬೆಳುಗುಪ್ಪ ಮಂಡಲದ ಜೀಡಿಪಲ್ಲಿ ಜಲಾಶಯದವರೆಗೆ ತಂದಾಗ ಇಲ್ಲಿನ ಜನ ಕೃಷ್ಣೆಯನ್ನು ಕಣ್ತುಂಬ ನೋಡಿದರೆ ಅದು ನ್ಯಾಯವೇ. ನಾನು ನೀರಿನ ವಿರೋಧಿಯಲ್ಲ. ನೋಡುವುದಕ್ಕೆಂದೇ ನಿಲ್ಲಿಸಿಟ್ಟ ನೀರಿನ ವಿರೋಧಿ.

ಏಕೆಂದರೆ ಹಳೆಯ ಕಾಲದ ಕೆರೆ ಸುಮ್ಮನೆ ಬತ್ತುತ್ತಿರಲಿಲ್ಲ. ನೀರುಗಂಟಿ ತೂಬು ಎತ್ತುತ್ತಿದ್ದ, ನೀರು ಗದ್ದೆಗೆ ಹರಿಯುತ್ತಿತ್ತು, ಕೆರೆ ಇಳಿಯುತ್ತಿತ್ತು. ಗದ್ದೆಯಲ್ಲಿ ಕಪ್ಪೆ, ಏಡಿ, ಅಂಗಳದಲ್ಲಿ ಮೀನು. ಅಂದರೆ ರೈತ ನೀರು ಬಳಸಿದಷ್ಟೂ ಕೊಕ್ಕರೆಗೆ ಊಟ ಹತ್ತಿರವಾಗುತ್ತಿತ್ತು. ಬುಕ್ಕರಾಯಸಮುದ್ರದಂಥ ವಿಜಯನಗರ ಕಾಲದ ಕೆರೆ ಕಟ್ಟಿದವರು ಹಕ್ಕಿಗಳನ್ನು ಲೆಕ್ಕಕ್ಕೆ ಹಿಡಿದಿರಲಾರರು. ಆದರೂ ತೂಬೊಂದನ್ನಿಟ್ಟು ಅವಕ್ಕೆ ಮಾಡಿಕೊಟ್ಟ ಅನುಕೂಲ ನಮ್ಮ ಪಕ್ಷಿಧಾಮದ ಕಾರಂಜಿಯಿಂದ ಆಗದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳೂ ಕೆರೆಯ ನೀರನ್ನಷ್ಟೇ ನಂಬಿ ಬರುವುದಿಲ್ಲ. ಹಗಲು ಕೆರೆಯಲ್ಲಿ ವಿಶ್ರಾಂತಿ, ಮೇವಿಗೆ ಸುತ್ತಲಿನ ಶೇಂಗಾ ಹೊಲ. ಶೇಂಗಾ ಅಂದಮೇಲೆ ನಮ್ಮ ಸೀಮೆಗೆ ಬೇರೆ ಶಿಫಾರಸು ಬೇಕೆ?

ಇಷ್ಟಾದರೂ ಮುಂದೊಂದು ದಿನ ನಮ್ಮ ಕಡೆಯ ಯಾವುದೋ ಕೆರೆಗೆ ಪಾರ್ಕು ಬರುವುದನ್ನು ಯಾರೂ ತಪ್ಪಿಸಲಾರರು. ಮೊದಲ ಕಂತಿನ ಹಣದಲ್ಲಿ ಸ್ವಾಗತ ಕಮಾನು, ಎರಡನೆಯದರಲ್ಲಿ ಹೂಳೆತ್ತುವುದು, ಮೂರನೆಯದರಲ್ಲಿ ಆಳೆತ್ತರದ ಸಿಮೆಂಟ್ ಕೊಕ್ಕರೆ. ನನ್ನ ಕೋರಿಕೆ ಸಣ್ಣದು. ಒಂದು ಬದಿಯ ಅಂಚನ್ನಾದರೂ ಇಳಿಜಾರಾಗಿ, ಕೆಸರಾಗಿ ಬಿಟ್ಟು, ತೂಬನ್ನು ಮುಚ್ಚದಿರಲಿ. ಸಿಮೆಂಟ್ ಕೊಕ್ಕರೆಯನ್ನು ಬೇಕಾದರೆ ನಟ್ಟನಡುವೆ ನಿಲ್ಲಿಸಲಿ. ಅದಕ್ಕೆ ಆಳದ ಭಯವಿಲ್ಲ, ಮೀನೂ ಬೇಡ.