ನೇರಳೆ ಬಣ್ಣದ ಪೀಣ್ಯ

ಬೆಂಗಳೂರಿನ ವೃಷಭಾವತಿ ನದಿಯ ಕಥೆ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ ಬಿಡಿ. ಮೈಸೂರು ರಸ್ತೆಯಲ್ಲಿ ಬಸ್ಸು ಕೆಂಗೇರಿ ಕಡೆ ಹೊರಳಿದರೆ ಸಾಕು, ಕರವಸ್ತ್ರ ತಾನಾಗಿ ಮೂಗಿಗೆ ಬರುತ್ತೆ, ಅಲ್ವಾ? ನನ್ನನ್ನ ಕಾಡೋದು ಆ ವಾಸನೆಗಿಂತ ಜಾಗದ ವಿಚಾರ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಮಾಸ್ಟರ್ ಪ್ಲಾನ್ ನಕ್ಷೆ ನೋಡಿದ್ದೀರಾ? ಮನೆಗಳಿಗೆ ಹಳದಿ, ಕಾರ್ಖಾನೆಗಳಿಗೆ ನೇರಳೆ. ಹಬ್ಬದ ರಂಗೋಲಿ ಹಾಗೆ ಕಾಣುತ್ತೆ. ಅದರಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ದೊಡ್ಡದೊಂದು ನೇರಳೆ ತುಂಡು. 1970ರ ದಶಕದಲ್ಲಿ ಊರಾಚೆ ಇದ್ದದ್ದು, ಈಗ ಅದರ ನೆತ್ತಿಯ ಮೇಲೇ ಮೆಟ್ರೊ ಓಡುತ್ತೆ. ಜಾಗದ ಬೆಲೆ ಏರಿತು. ಲೋಹಕ್ಕೆ ಲೇಪ ಹಾಕೋ ಸಣ್ಣ ಪ್ಲೇಟಿಂಗ್‌ನವರು ಏನು ಮಾಡಬೇಕು ಹೇಳಿ? ಬಾಡಿಗೆಗೆ ಒಂದು ಶೆಡ್ಡು, ಅದರ ತುಂಬ ತೊಟ್ಟಿಗಳು. ಕೊಳಕು ನೀರು ಶುದ್ಧ ಮಾಡೋ ಘಟಕಕ್ಕೆ ಅಂತ ಒಂದು ಮೂಲೆಯೂ ಉಳಿಯಲ್ಲ. ತೊಟ್ಟಿ ತೊಳೆದ ನೀರು ಮೋರಿಗೆ, ಮೋರಿಯಿಂದ ರಾಜಕಾಲುವೆಗೆ, ಅಲ್ಲಿಂದ ವೃಷಭಾವತಿಗೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿದ್ದು ಹಳೇ ಸುದ್ದಿ ತಾನೆ?

ಜಾಗ ಅಂದಾಗ ನೆನಪಾಯ್ತು. ಮಲ್ಲೇಶ್ವರದ ಪಕ್ಕ ಕಿರ್ಲೋಸ್ಕರ್ ಕಾರ್ಖಾನೆ ಇತ್ತಲ್ಲ, ಅಲ್ಲೀಗ ಒರಾಯನ್ ಮಾಲ್. ಬಿನ್ನಿ ಮಿಲ್ ಜಾಗದಲ್ಲಿ ಅಪಾರ್ಟ್‌ಮೆಂಟು. ಊರೊಳಗಿನ ನೆಲ ಚಿನ್ನವಾದಾಗ ಕಾರ್ಖಾನೆಗಳು ಬಿಡದಿ, ಹಾರೋಹಳ್ಳಿ ಕಡೆ ಹೊರಟವು. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಹಳ್ಳಿಯವರ ಹೊಲ ತೆಗೆದುಕೊಂಡು ಪ್ಲಾಟು ಮಾಡಿ ಹಂಚಿತು.

ಅದೇ ಬಿಡದಿ ಹತ್ತಿರ ಬೈರಮಂಗಲ ಕೆರೆ. ಹೊಲಕ್ಕೆ ನೀರು ಕೊಡಲು 1940ರ ದಶಕದಲ್ಲಿ ಕಟ್ಟಿದ್ದು. ವೃಷಭಾವತಿ ಬೆಂಗಳೂರಿನ ಚರಂಡಿಯನ್ನೂ ಕಾರ್ಖಾನೆ ನೀರನ್ನೂ ಹೊತ್ತು ಅಲ್ಲಿಗೇ ಹೋಗುತ್ತೆ. ಕೋಡಿ ಕೆಳಗೆ ನೊರೆ ಹಾರೋದನ್ನ ನೋಡಿದರೆ ಹೊಟ್ಟೆ ಉರಿಯುತ್ತೆ. ಭತ್ತ ಬೆಳೆಯುತ್ತಿದ್ದ ಗದ್ದೆಗಳಲ್ಲಿ ಈಗ ದನದ ಮೇವಿನ ಹುಲ್ಲು, ಬೇಬಿ ಕಾರ್ನ್. ಆ ಹುಲ್ಲು ತಿಂದ ಹಸುಗಳ ಹಾಲು ಎಲ್ಲಿಗೆ ಬರುತ್ತೆ ಅಂದುಕೊಂಡಿರಿ? ಬೆಂಗಳೂರಿಗೇ ತಾನೆ?

ಈಗ ಬೈರಮಂಗಲದ ಸುತ್ತಲೇ ದೊಡ್ಡ ಟೌನ್‌ಶಿಪ್ ಬರುತ್ತಂತೆ, ರೈತರು ಭೂಮಿ ಕೊಡಲ್ಲ ಅಂತ ಕೂತಿದ್ದಾರೆ. ಅವರ ಮಾತು ನನಗೆ ನ್ಯಾಯ ಅನ್ನಿಸುತ್ತೆ. ಮೇಲಿನ ಊರಿನ ಕೊಳೆಯನ್ನು ಇಷ್ಟು ವರ್ಷ ಹೊತ್ತವರ ಹತ್ತಿರ ನೆಲವನ್ನೂ ಕೇಳೋದು ಯಾವ ಸೀಮೆ ನ್ಯಾಯ, ಹೇಳಿ? ನಕ್ಷೆ ಬರೆಯೋರು ಮೊದಲು ಕೊಳೆ ನೀರು ಶುದ್ಧ ಮಾಡೋ ಘಟಕಕ್ಕೆ ಜಾಗ ಗುರುತಿಸಲಿ, ಘಟಕ ಕಟ್ಟಿ ನಡೆಸಿ ತೋರಿಸಲಿ. ಪ್ಲಾಟು ಹಂಚೋದು ಆಮೇಲೆ.