ಗುಜರಿ ಗಾಡಿ ಕರೆಯುವ ಮುನ್ನ: ಹೊಸ ಮನೆಯವರಿಗೆ ಒಂದು ಬಹಿರಂಗ ಪತ್ರ

ಚಾಮರಾಜನಗರ, ಗುಂಡ್ಲುಪೇಟೆಗಳ ಹೊಸ ಬಡಾವಣೆಗಳಲ್ಲಿ ಈಚೆಗೆ ಮನೆ ಕೊಂಡಿರುವ ಅಣ್ಣ-ಅತ್ತಿಗೆಯರಿಗೆ, ಅಕ್ಕ-ಭಾವಂದಿರಿಗೆ,

ಸಾಲ ಮಾಡಿ, ಒಡವೆ ಅಡವಿಟ್ಟು ಕೊಂಡ ಮನೆ ಚೆಂದ ಕಾಣಬೇಕೆಂಬ ಆಸೆ ನ್ಯಾಯವಾದದ್ದೇ. ನಾನು ಬರೆಯುತ್ತಿರುವುದು ಹಳ್ಳಿ ಮನೆಯ ಅಟ್ಟದಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಸಾಮಾನಿನ ಪರವಾಗಿ. ಗೃಹಪ್ರವೇಶದ ದಿನ ಗೊತ್ತಾದ ಕೂಡಲೇ ಅಜ್ಜನ ಮಂಚ, ತೇಗದ ಬೀರು, ಬೆತ್ತ ಹರಿದ ಕುರ್ಚಿ ಗುಜರಿ ಗಾಡಿ ಹತ್ತುತ್ತವೆ. ಆ ಜಾಗಕ್ಕೆ ಕಂತಿನ ಮೇಲೆ ಸೋಫಾ ಸೆಟ್ಟು, ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯ ವಾರ್ಡ್‌ರೋಬು ಬಂದು ಕೂರುತ್ತವೆ. ದಯವಿಟ್ಟು ಅವಸರ ಮಾಡಬೇಡಿ. ಆ ಹಲಗೆಗೆ ನೆಲ ಒರೆಸುವ ನೀರು ತಾಕುತ್ತಾ ಹೋದರೆ ಬುಡ ಉಬ್ಬುತ್ತದೆ. ಕೀಲಿನ ಸ್ಕ್ರೂ ಒಮ್ಮೆ ಸಡಿಲಾದರೆ ಮತ್ತೆ ಕಚ್ಚುವುದು ಕಷ್ಟ.

ಹಳೆಯದನ್ನು ಬಿಸಿಲಿಗೆ ಎಳೆದು ನೋಡಿ. ಮರಕ್ಕೆ ಮರ ಕಚ್ಚಿಸಿ ಗೂಟ ಹೊಡೆದ ಸಂದು ಕಂಡರೆ ಅದನ್ನು ಬಿಚ್ಚಬಹುದು, ಮತ್ತೆ ಬಿಗಿ ಮಾಡಬಹುದು. ಹೊಸ ಮನೆಯ ಬಾಗಿಲಲ್ಲಿ ಮಂಚ ತೂರುವುದಿಲ್ಲ ಎಂಬ ಚಿಂತೆಯೂ ಬೇಡ. ಅದು ಬೀಟೆಯಾಗಿದ್ದರಂತೂ ಕೈ ಮುಗಿದು ಇಟ್ಟುಕೊಳ್ಳಿ. ಲೋಕದಲ್ಲೆಲ್ಲ ಬೀಟೆ ಎಷ್ಟು ಬರಿದಾಗಿದೆಯೆಂದರೆ, ಅದರ ಇಡೀ ಕುಲವನ್ನೇ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಿದ್ದಾರೆ.

ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳು ಒಳಗೇ ಜೀವಂತವಾಗಿದೆ ಎಂದರ್ಥ. ಅಂಥದ್ದನ್ನು ಹೊರಗೇ ಇಟ್ಟು, ಪ್ರತಿ ತೂತಿಗೂ ಸಿರಿಂಜಿನಲ್ಲಿ ಮರದ ಹುಳುವಿನ ಔಷಧಿ ಬಿಟ್ಟು, ಪುಡಿ ಉದುರುವುದು ನಿಂತ ಮೇಲೇ ಮನೆಯೊಳಗೆ ತನ್ನಿ. ಆಮೇಲೆ ಉಪ್ಪು ಕಾಗದ: ಮೊದಲು 80 ನಂಬರಿನ ಒರಟು, ನಂತರ 120, ಕೊನೆಗೆ 220. ಯಾವಾಗಲೂ ಮರದ ಎಳೆ ಓಡುವ ದಿಕ್ಕಿಗೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ.

ಬಣ್ಣ ಬಳಿಯಬೇಡಿ. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿದ ಉಂಡೆಯಿಂದ ತೆಳ್ಳಗೆ ಕೋಟಿನ ಮೇಲೆ ಕೋಟು ಕೊಡುವ ಹಳೆಯ ಪಾಲಿಶ್ ನನಗೆ ಎಲ್ಲಕ್ಕಿಂತ ಇಷ್ಟ. ಅದರ ದೊಡ್ಡ ಗುಣ ರಿಪೇರಿ. ಹೊಸ ಕೋಟಿನ ಸ್ಪಿರಿಟ್ಟು ಹಳೆ ಅರಗನ್ನು ಕರಗಿಸಿಕೊಂಡು ಎರಡೂ ಒಂದಾಗುವುದರಿಂದ, ಗೀರು ಬಿದ್ದ ಕಡೆಯಷ್ಟೇ ಸರಿಮಾಡಿದರೂ ಸಾಕು. ಆದರೆ ಬಿಸಿ ಪಾತ್ರೆಯನ್ನೂ ನೀರನ್ನೂ ಅದು ತಡೆಯದು, ಬಿಳಿ ಉಂಗುರ ಕೂರುತ್ತದೆ. ಆದ್ದರಿಂದ ಊಟದ ಮೇಜಿಗೆ ಬೇರೆ ಪಾಲಿಶ್ ಮಾಡಿಸಿ. ಕುರ್ಚಿಗೆ ಬೆತ್ತ, ಮಂಚಕ್ಕೆ ನವಾರು ಮತ್ತೆ ಹೆಣೆಸಬಹುದು.

ಇದಕ್ಕೆಲ್ಲ ದಿನ ಹಿಡಿಯುತ್ತದೆ, ನಿಜ. ಚಾಮರಾಜನಗರದ ಚಾಮರಾಜೇಶ್ವರನ ತೇರು 2017ರಲ್ಲಿ ಬೆಂಕಿಗೆ ಸಿಕ್ಕಿದ ಮೇಲೆ ಹೊಸ ತೇರು ಎಳೆಯಲು ಊರು 2022ರ ಆಷಾಢದವರೆಗೂ ಕಾಯಿತು. ಮರದ ಕೆಲಸಕ್ಕೆ ಹೊತ್ತು ಬೇಕು ಎಂದು ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೊಸದೇ ಬೇಕೆನ್ನುವವರು ಮಲೆ ಮಹದೇಶ್ವರ ಬೆಟ್ಟದ ಕಡೆ ಲಂಟಾನ ಕಡ್ಡಿಯ ಪೀಠೋಪಕರಣವನ್ನು ಒಮ್ಮೆ ವಿಚಾರಿಸಿ. ಬ್ರಿಟಿಷರ ಕಾಲದಲ್ಲಿ ಹೂತೋಟದ ಅಂದಕ್ಕೆಂದು ತಂದ ಲಂಟಾನ ಇವತ್ತು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನಲ್ಲಿ ದಟ್ಟವಾಗಿ ಹಬ್ಬಿಕೊಂಡಿದೆ. ಅದರಡಿ ಹುಲ್ಲು ಏಳುವುದಿಲ್ಲ, ಜಿಂಕೆ ಕಾಟಿಗಳಿಗೆ ಮೇವಿಲ್ಲ. ಬೇಸಿಗೆಯಲ್ಲಿ ಒಣಗಿ ನಿಂತ ಪೊದೆ ಕಾಡ್ಗಿಚ್ಚಿಗೆ ಸೌದೆ. ಆ ಕಡ್ಡಿಯನ್ನು ನೀರಿನಲ್ಲಿ ಕುದಿಸಿ, ಸಿಪ್ಪೆ ಸುಲಿದು, ಬಿಸಿಯಿರುವಾಗಲೇ ಬಗ್ಗಿಸಿ ಸೋಲಿಗರು ಕುರ್ಚಿ, ಸೋಫಾ, ಮೇಜು, ಬುಟ್ಟಿ ಕಟ್ಟುತ್ತಾರೆ. ಬಿದಿರು-ಬೆತ್ತಕ್ಕೆ ಬದಲಾಗಿ ಈ ಕೆಲಸವನ್ನು ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ ಅಲ್ಲಿ ಬೆಳೆಸಿತು. ಕಾಡಿನಿಂದ ಎಷ್ಟು ತೆಗೆದರೂ ಕಾಡಿಗೇ ಲಾಭವಾಗುವ ಇಂಥ ಪೀಠೋಪಕರಣ ನಮ್ಮ ಜಿಲ್ಲೆಯಲ್ಲೇ ಹುಟ್ಟುತ್ತಿರುವಾಗ, ಅದು ನಮ್ಮ ಮನೆಗಳಲ್ಲೇ ಕಾಣದಿರುವುದು ನನಗೆ ನಿಜವಾಗಿ ನೋವಿನ ಸಂಗತಿ. ನಮ್ಮ ಕರಿಕಲ್ಲಿನ ಕಥೆಯೂ ಹೆಚ್ಚುಕಡಿಮೆ ಇದೇ: ಚಾಮರಾಜನಗರದ ಕಪ್ಪು ಗ್ರಾನೈಟು ಹೊರದೇಶಗಳಲ್ಲಿ ಸಮಾಧಿಗಲ್ಲಾಗಿ ನಿಂತಿದೆ. ಅಡುಗೆಮನೆ ಕಟ್ಟೆಗಾದರೂ ಅದನ್ನೇ ಕೇಳಿ ಹಾಕಿಸಿ.

ಕೊನೆಗೆ ಒಂದು ಕೋರಿಕೆ. ಮಳೆಗಾಲದ ತೇವದಲ್ಲಿ ಅರಗಿನ ಪಾಲಿಶ್ ಬೆಳ್ಳಗೆ ಮಂಕಾಗುತ್ತದೆ. ಶ್ರಾವಣದಲ್ಲಿ ಗೃಹಪ್ರವೇಶ ಇಟ್ಟುಕೊಂಡಿರುವವರು ಬೇಸಿಗೆ ಇರುವಾಗಲೇ ಬಡಗಿಯನ್ನು ಕರೆಸಿ, ಅಟ್ಟದ ಮೇಲಿನದನ್ನು ಇಳಿಸಿ ತೋರಿಸಿ. ಗುಜರಿಯವನು ಕಿಲೋಗೆ ಎಷ್ಟು ಕೊಡುತ್ತಾನೆಂದು ಆಮೇಲೆ ಕೇಳುವಿರಂತೆ.

ಇಂತಿ,
ನಿಮ್ಮ ಜಿಲ್ಲೆಯವನೇ ಒಬ್ಬ